ಪಾಲು ಬೇರೆ, ಪಗಾರ ಬೇರೆ: ಇಬ್ಬರು ನಡೆಸುವ ಹೋಟೆಲಿನ ಲೆಕ್ಕ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಾನು ಮತ್ತು ನನ್ನ ಶಾಲಾ ಗೆಳೆಯ ಸೇರಿ ಮೂರು ವರ್ಷಗಳಿಂದ 24 ಜನ ಕೂರುವಷ್ಟು ಜಾಗವಿರುವ ತಿಂಡಿ ಹೋಟೆಲ್ ನಡೆಸುತ್ತಿದ್ದೇವೆ. ಹೂಡಿದ 15 ಲಕ್ಷದಲ್ಲಿ 12 ಲಕ್ಷ ಅವನದು, 3 ಲಕ್ಷ ನನ್ನದು. ಅಡುಗೆ ಪೂರ್ತಿ ನನ್ನ ಜವಾಬ್ದಾರಿ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದರೆ ರಾತ್ರಿಯವರೆಗೂ ಅಲ್ಲೇ ಇರುತ್ತೇನೆ. ಬೆಳಗಿನ ಕೌಂಟರಿನಲ್ಲಿ ನನ್ನ ಹೆಂಡತಿ ಕೂರುತ್ತಾಳೆ. ಗೆಳೆಯನಿಗೆ ಬೇರೆ ಉದ್ಯೋಗವಿದೆ, ಸಂಜೆ ಆರರಿಂದ ಒಂಬತ್ತೂವರೆಯವರೆಗೆ ಬಂದು ಗಲ್ಲಾ ನೋಡಿಕೊಳ್ಳುತ್ತಾನೆ. ಸೋಮವಾರ ರಜೆ. ದಿನಕ್ಕೆ ಸರಾಸರಿ 15,000 ರೂಪಾಯಿ ವ್ಯಾಪಾರ. ತಿಂಗಳ ಕೊನೆಗೆ ಖರ್ಚು ಕಳೆದು ಉಳಿಯುವ 87,000 ರೂಪಾಯಿಯನ್ನು ಅರ್ಧರ್ಧ ಹಂಚಿಕೊಳ್ಳುತ್ತೇವೆ. ಬರವಣಿಗೆಯಲ್ಲಿ ಏನೂ ಇಲ್ಲ. ಅಂಗಡಿಯ ಬಾಡಿಗೆ ಕರಾರು ಮತ್ತು ಕೌಂಟರಿನ ಕ್ಯೂಆರ್ ಎರಡೂ ಅವನ ಹೆಸರಿನಲ್ಲಿವೆ. ಈಗ ಅವನು ಜಂಟಿಯಾಗಿ 20 ಲಕ್ಷ ಸಾಲ ಮಾಡಿ ಬೋಗಾದಿಯಲ್ಲಿ ಎರಡನೆಯ ಶಾಖೆ ತೆರೆಯೋಣ ಎನ್ನುತ್ತಿದ್ದಾನೆ. ನನ್ನ ದುಡಿಮೆಗೆ ಬೇರೆ ಸಂಬಳ ಕೇಳುವುದು ತಪ್ಪೇ? ಗೆಳೆತನ ಕೆಡದಂತೆ ಈ ಮಾತನ್ನು ಎತ್ತುವುದು ಹೇಗೆ? ಶಾಖೆಗೆ ಒಪ್ಪಬಹುದೇ?

ಉತ್ತರ: ಕಾಗದವಿಲ್ಲ ಎಂದ ಮಾತ್ರಕ್ಕೆ ನಿಮ್ಮ ನಡುವೆ ಪಾಲುದಾರಿಕೆ ಇಲ್ಲವೆಂದು ಆಗುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ದೃಷ್ಟಿಯಲ್ಲಿ ಬಾಯಿಮಾತಿನ ಪಾಲುದಾರಿಕೆಯೂ ಪಾಲುದಾರಿಕೆಯೇ, ಮತ್ತು ಪಾಲುದಾರರು ಏನನ್ನೂ ಬರೆದುಕೊಳ್ಳದ ಕಡೆಗಳಲ್ಲೆಲ್ಲ ಆ ಕಾಯ್ದೆಯ 13ನೆಯ ಕಲಂ ಅವರ ಪರವಾಗಿ ತಾನೇ ಒಂದು ಒಪ್ಪಂದವನ್ನು ಬರೆದಿಟ್ಟಿದೆ. ಅದರ ಪ್ರಕಾರ ವ್ಯವಹಾರದಲ್ಲಿ ದುಡಿದದ್ದಕ್ಕೆ ಯಾವ ಪಾಲುದಾರನಿಗೂ ಸಂಬಳವಿಲ್ಲ. ಬಂಡವಾಳ ಎಷ್ಟೇ ಏರುಪೇರಾಗಿದ್ದರೂ ಲಾಭ ನಷ್ಟಗಳು ಸಮಪಾಲು. ಬಂಡವಾಳಕ್ಕೆ ಬಡ್ಡಿ ಬೇಕೆಂದರೆ ಮೊದಲೇ ಒಪ್ಪಿಕೊಂಡಿರಬೇಕು, ಅದೂ ಲಾಭವಿದ್ದರೆ ಮಾತ್ರ. ಮೂರು ವರ್ಷಗಳಿಂದ ನೀವಿಬ್ಬರೂ ನಡೆದುಕೊಂಡಿರುವುದು ಅಕ್ಷರಶಃ ಹೀಗೆಯೇ. ಆದ್ದರಿಂದ ನಿಮ್ಮ ಗೆಳೆಯ ನಿಮಗೆ ಮೋಸ ಮಾಡಿದ್ದಾನೆಂದು ಹೇಳಲು ಬರುವುದಿಲ್ಲ, ಕಳೆದುಹೋದ ತಿಂಗಳುಗಳ ಸಂಬಳವನ್ನು ಈಗ ಹಕ್ಕೆಂದು ಕೇಳಲೂ ಬರುವುದಿಲ್ಲ. ಮುಂದಿನ ತಿಂಗಳುಗಳದ್ದನ್ನು ಕೇಳಬಹುದು, ಮತ್ತು ಕೇಳಲೇಬೇಕು. ನಿಮ್ಮದೊಂದೇ ಹಿತಕ್ಕಾಗಿ ಹೀಗೆ ಹೇಳುತ್ತಿಲ್ಲ. ಆ ಸಂಬಳವನ್ನು ಲೆಕ್ಕಕ್ಕೆ ತರದ ಹೊರತು ನಿಮ್ಮ ಹೋಟೆಲಿಗೆ ಲಾಭವಿದೆಯೇ ಇಲ್ಲವೇ ಎಂಬುದು ನಿಮ್ಮಿಬ್ಬರಲ್ಲಿ ಯಾರಿಗೂ ತಿಳಿಯುವುದಿಲ್ಲ.

ನೀವು ಕಳುಹಿಸಿರುವ ತಿಂಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. 26 ದಿನಗಳ ವ್ಯಾಪಾರ 3,90,000 ರೂಪಾಯಿ. ಅದರಲ್ಲಿ ದಿನಸಿ, ತರಕಾರಿ, ಹಾಲು, ಎಣ್ಣೆ, ಕಾಫಿಪುಡಿಗೆ 1,48,000, ಗ್ಯಾಸಿಗೆ 22,000, ನಾಲ್ವರು ಕೆಲಸಗಾರರ ಸಂಬಳ 69,000, ಬಾಡಿಗೆ 38,000, ಕರೆಂಟು ಮತ್ತು ನೀರು 14,000, ಪಾರ್ಸೆಲ್ ಸಾಮಗ್ರಿ, ರಿಪೇರಿ, ಚಿಲ್ಲರೆ ಖರ್ಚು 12,000. ಒಟ್ಟು 3,03,000 ಕಳೆದು ಉಳಿದದ್ದು 87,000, ತಲಾ 43,500. ದಿನಸಿಯ ಖರ್ಚು ವ್ಯಾಪಾರದ ನೂರಕ್ಕೆ 38ರಷ್ಟಿರುವುದು ತಿಂಡಿ ಹೋಟೆಲಿಗೆ ತೀರ ಹೆಚ್ಚೇನಲ್ಲ. ಉದ್ದಿನಬೇಳೆ, ತೆಂಗಿನಕಾಯಿಗಳ ಬೆಲೆ ಏರಿದ ತಿಂಗಳಲ್ಲಿ ಅದು ಎರಡು ಮೂರು ಅಂಶ ಮೇಲೆ ಹೋಗುವುದೂ ಸಹಜ. ಬಾಡಿಗೆಯೂ ವ್ಯಾಪಾರದ ಹತ್ತನೆಯ ಒಂದು ಭಾಗದೊಳಗಿದೆ. ಅಂದರೆ ನೀವು ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದೀರಿ.

ಇನ್ನು ಈ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ನೋಡಿ. ನಾಳೆ ನಿಮಗೆ ಟೈಫಾಯಿಡ್ ಬಂದು ಎರಡು ತಿಂಗಳು ಮಲಗಿದರೆ ನಿಮ್ಮ ಜಾಗಕ್ಕೆ ಒಬ್ಬ ಮುಖ್ಯ ಭಟ್ಟರನ್ನು ಕರೆತರಬೇಕಾಗುತ್ತದೆ. ಊಟ ವಸತಿ ಕೊಟ್ಟು 30,000 ರೂಪಾಯಿಗಿಂತ ಕಡಿಮೆಗೆ ಕೈಪಳಗಿದ ಭಟ್ಟರು ಸಿಗುವುದು ಕಷ್ಟ. ನಿಮ್ಮ ಪತ್ನಿ ಬೆಳಗ್ಗೆ ಐದೂವರೆ ತಾಸು ಕೌಂಟರಿನಲ್ಲಿ ಕೂರುತ್ತಾರೆ. ಆ ಕೆಲಸಕ್ಕೆ ಹೊರಗಿನವರಾಗಿದ್ದರೆ 12,000 ಕೊಡಬೇಕಿತ್ತು. ನಿಮ್ಮ ಪತ್ರದಲ್ಲಿ ಅವರ ದುಡಿಮೆಗೆ ಸಿಕ್ಕಿರುವುದು ಒಂದೇ ಒಂದು ವಾಕ್ಯ, ಹೋಟೆಲಿನ ಲೆಕ್ಕದಲ್ಲಿ ಅದೂ ಇಲ್ಲ. ನಿಮ್ಮ ಗೆಳೆಯ ಸಂಜೆ ಮೂರೂವರೆ ತಾಸು ಗಲ್ಲಾ ನೋಡುತ್ತಾರೆ. ಹೆಚ್ಚು ಕಡಿಮೆ ಅದೇ ದರದಲ್ಲಿ ಅದಕ್ಕೆ 8,000 ಆಗುತ್ತದೆ. ಅವರು ಹೂಡಿದ 12 ಲಕ್ಷಕ್ಕೂ ನೀವು ಹೂಡಿದ 3 ಲಕ್ಷಕ್ಕೂ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಹಿಡಿದರೆ ತಿಂಗಳಿಗೆ ಕ್ರಮವಾಗಿ 12,000 ಮತ್ತು 3,000. ಗ್ರೈಂಡರಿನ ಮೋಟಾರು ಸುಟ್ಟುಹೋಗುವುದು, ಫ್ರಿಜ್ಜು ಕೆಡುವುದು, ದೋಸೆ ಕಾವಲಿ ಬದಲಾಯಿಸುವುದು ಇವೆಲ್ಲ ಬಂದೇ ಬರುವ ಖರ್ಚುಗಳು; ಅವುಗಳಿಗೆಂದು ತಿಂಗಳಿಗೆ 8,000 ಬದಿಗಿಡಿ. ಈ ಎಲ್ಲವನ್ನೂ 87,000ದಿಂದ ಕಳೆದರೆ ಉಳಿಯುವುದು 14,000. ಹೋಟೆಲಿನ ನಿಜವಾದ ಲಾಭ ಇಷ್ಟೇ. ಇದನ್ನು ಅರ್ಧರ್ಧ ಮಾಡಿದರೆ ತಲಾ 7,000.

ಹೀಗೆ ಬಿಡಿಸಿದಾಗ ನಿಮ್ಮ ಮನೆಗೆ ಬರಬೇಕಾದದ್ದು ನಿಮ್ಮ ಸಂಬಳ, ಪತ್ನಿಯ ಸಂಬಳ, ಬಡ್ಡಿ ಮತ್ತು ಪಾಲು ಸೇರಿ 52,000, ಗೆಳೆಯನಿಗೆ 27,000, ಹೋಟೆಲಿನ ನಿಧಿಗೆ 8,000. ಗೆಳೆಯನಿಗೆ ಒಮ್ಮೆಗೇ 16,500 ಕಡಿಮೆಯಾಗುತ್ತದೆ ಎಂಬುದು ಸಣ್ಣ ಮಾತಲ್ಲ, ಮತ್ತು ಈ ಪಟ್ಟಿಯನ್ನು ಹಿಡಿದುಕೊಂಡು ಹೋಗಿ ಮುಂದೆ ಚಾಚಿದರೆ ಅವರು ಮುಖ ಸಿಂಡರಿಸುವುದೂ ಸಹಜ. ಅವರ ಕಡೆಯಿಂದಲೂ ಒಮ್ಮೆ ನೋಡಬೇಕು. ಅಂಗಡಿಗೆ ಹೆಸರಿಲ್ಲದ ಕಾಲದಲ್ಲಿ, ರುಬ್ಬಿಟ್ಟ ದೋಸೆ ಹಿಟ್ಟು ಮುಗಿಯದೆ ಹುಳಿಯಾಗುತ್ತಿದ್ದ ದಿನಗಳಲ್ಲಿ, 12 ಲಕ್ಷವನ್ನು ಪತ್ರವಿಲ್ಲದೆ, ಆಧಾರವಿಲ್ಲದೆ ತಂದಿಟ್ಟವರು ಅವರು. ಹೋಟೆಲ್ ಮುಳುಗಿದ್ದರೆ ಆ ಹಣದಲ್ಲಿ ಅವರಿಗೆ ಮರಳಿ ಸಿಗುತ್ತಿದ್ದುದು ಮಾಲೀಕರ ಬಳಿಯ ಅಡ್ವಾನ್ಸು ಮತ್ತು ಹಳೆಯ ಪಾತ್ರೆಗಳ ಬೆಲೆ ಅಷ್ಟೇ. ಆ ಅಪಾಯಕ್ಕೆ ನೂರಕ್ಕೆ 12ರ ಬಡ್ಡಿ ಸಾಲದೆಂದು ಅವರು ವಾದಿಸಿದರೆ ನಾನು ತಳ್ಳಿಹಾಕುವುದಿಲ್ಲ. ಹಾಗೆಂದು ಬಡ್ಡಿಯನ್ನು ಏರಿಸಲು ಹೋಗಬೇಡಿ. ಲಾಭದ ಪಾಲನ್ನೇ ಅವರಿಗೆ ನೂರಕ್ಕೆ 60, ನಿಮಗೆ 40 ಎಂದು ಬದಲಾಯಿಸುವುದು ಹೆಚ್ಚು ಸರಿಯಾದ ದಾರಿ. ಸಂಬಳ ದುಡಿಮೆಗೆ, ಪಾಲು ಅಪಾಯಕ್ಕೆ. ಇವೆರಡನ್ನು ಬೇರ್ಪಡಿಸಿದ ಮೇಲೆ ಪಾಲಿನ ವಿಷಯದಲ್ಲಿ ನೀವು ಧಾರಾಳವಾಗಿ ನಡೆದುಕೊಂಡರೂ ನಿಮ್ಮ ಮನೆಯ ಖರ್ಚಿಗೆ ಧಕ್ಕೆಯಾಗುವುದಿಲ್ಲ.

ಇದು ಹೊಸ ಪದ್ಧತಿಯೇನಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಊರೂರುಗಳಲ್ಲಿ ಹೋಟೆಲ್ ಹಾಕಿದವರಲ್ಲಿ, ಹಣ ಹಾಕದೆ ಅಡುಗೆಮನೆಯನ್ನು ಹೊತ್ತವರನ್ನು ದುಡಿಮೆಯ ಪಾಲುದಾರ ಎಂದೇ ಕರೆದು, ತಿಂಗಳ ಸಂಬಳ ಬೇರೆ, ವರ್ಷದ ಕೊನೆಯ ಪಾಲು ಬೇರೆ ಎಂದು ಕೊಡುವ ರೂಢಿ ಹಿಂದಿನಿಂದಲೂ ಇದೆ.

ಇಷ್ಟು ಹೇಳಿದ ಮೇಲೆ, ನೀವು ಕೇಳದೆ ಬಿಟ್ಟ ಒಂದು ವಿಷಯಕ್ಕೆ ಬರಬೇಕು, ಏಕೆಂದರೆ ಅದು ನೀವು ಕೇಳಿದ್ದಕ್ಕಿಂತ ಗಂಭೀರವಾದದ್ದು. ನಿಮ್ಮ ಪತ್ರದಲ್ಲಾಗಲಿ ಲೆಕ್ಕದಲ್ಲಾಗಲಿ ಜಿಎಸ್‌ಟಿಯ ಸುಳಿವೇ ಇಲ್ಲ. ತಿಂಗಳಿಗೆ 3,90,000 ಎಂದರೆ ವರ್ಷಕ್ಕೆ 46,80,000 ರೂಪಾಯಿ ವಹಿವಾಟು. ನಲವತ್ತು ಲಕ್ಷದವರೆಗೆ ನೋಂದಣಿ ಬೇಡವೆಂದು ಅನೇಕ ಹೋಟೆಲಿನವರು ನಂಬಿಕೊಂಡಿದ್ದಾರೆ. ಆ ಮಿತಿ ಕೇವಲ ಸರಕು ಮಾರುವವರಿಗೆ. ಹೋಟೆಲಿನ ಊಟ ತಿಂಡಿಯನ್ನು ಕಾನೂನು ಸೇವೆಯೆಂದು ಪರಿಗಣಿಸುವುದರಿಂದ ಕರ್ನಾಟಕದಲ್ಲಿ ನಿಮಗಿರುವ ಮಿತಿ 20 ಲಕ್ಷ. ಆ ಗಡಿಯನ್ನು ನೀವು ಯಾವಾಗಲೋ ದಾಟಿದ್ದೀರಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ವಿವರ ತರಿಸಿಕೊಂಡು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರೆಗೆ ನೋಟಿಸ್ ಕಳುಹಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳ ಕೌಂಟರಿನಿಂದ ಕ್ಯೂಆರ್ ಫಲಕಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಫಲಕ ಕಿತ್ತರೆ ಹಳೆಯ ವಹಿವಾಟು ಅಳಿಸಿಹೋಗುವುದಿಲ್ಲ.

ನೋಂದಣಿ ಮಾಡಿಸಿದರೆ ಎರಡು ದಾರಿಗಳಿವೆ. ವಹಿವಾಟು ಒಂದೂವರೆ ಕೋಟಿಯೊಳಗಿರುವ, ಮದ್ಯ ಮಾರದ ಹೋಟೆಲುಗಳಿಗೆ ಕಾಂಪೊಸಿಷನ್ ಯೋಜನೆಯಡಿ ನೂರಕ್ಕೆ 5. ಸಾಮಾನ್ಯ ಯೋಜನೆಯಡಿಯೂ ನೂರಕ್ಕೆ 5, ಅದರಲ್ಲಿ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ. ದರ ಎರಡರಲ್ಲೂ ಒಂದೇ ಆದ್ದರಿಂದ ಕಾಂಪೊಸಿಷನ್ನಿನ ಆಕರ್ಷಣೆಯೆಲ್ಲ ಕಾಗದಪತ್ರ ಕಡಿಮೆ ಎಂಬುದರಲ್ಲಿದೆ: ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿ ವರ್ಷಕ್ಕೊಂದು ರಿಟರ್ನ್ ಸಲ್ಲಿಸಿದರೆ ಮುಗಿಯಿತು. ಅದಕ್ಕೆ ಪ್ರತಿಯಾಗಿ ಗ್ರಾಹಕರ ಬಿಲ್ಲಿನಲ್ಲಿ ತೆರಿಗೆಯೆಂದು ಬರೆದು ವಸೂಲು ಮಾಡುವ ಹಕ್ಕನ್ನು ಬಿಟ್ಟುಕೊಡುತ್ತೀರಿ. ತೆರಿಗೆ ನಿಮ್ಮ ಕೈಯಿಂದಲೇ ಹೋಗುತ್ತದೆ. ಸ್ವಿಗ್ಗಿ, ಜೊಮ್ಯಾಟೊ ಮೂಲಕ ಹೋಗುವ ಊಟದ ತೆರಿಗೆಯನ್ನು 2022ರ ಜನವರಿ 1ರಿಂದ ಆ ಕಂಪನಿಗಳೇ ಕಟ್ಟುತ್ತಿದ್ದರೂ, 20 ಲಕ್ಷದ ಮಿತಿಯನ್ನು ಲೆಕ್ಕ ಹಾಕುವಾಗ ಆ ವಹಿವಾಟೂ ನಿಮ್ಮದಕ್ಕೆ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಈಗ ಹಳೆಯ ಲೆಕ್ಕಕ್ಕೆ ಈ ಒಂದು ಸಾಲನ್ನು ಸೇರಿಸಿ. 3,90,000ಕ್ಕೆ ನೂರಕ್ಕೆ 5ರಂತೆ ತಿಂಗಳಿಗೆ 19,500. ನಿಮ್ಮ ನಿಜವಾದ ಲಾಭ 14,000. ಅಂದರೆ ಇಂದಿನ ಬೆಲೆಗಳಲ್ಲಿ, ಎಲ್ಲರ ದುಡಿಮೆಗೂ ಸಂಬಳ ಹಿಡಿದು ತೆರಿಗೆಯನ್ನೂ ಕಟ್ಟಿದರೆ, ಹೋಟೆಲ್ ತಿಂಗಳಿಗೆ 5,500 ರೂಪಾಯಿ ನಷ್ಟದಲ್ಲಿದೆ. ತಿಂಗಳ ಕೊನೆಗೆ ಇಬ್ಬರ ಕೈಗೂ 43,500 ಬರುತ್ತಿದ್ದುದರಿಂದ ಇದು ಕಣ್ಣಿಗೆ ಬಿದ್ದಿರಲಿಲ್ಲ. ಗಾಬರಿಪಡಬೇಕಾಗಿಲ್ಲ; 60 ರೂಪಾಯಿಯ ಮಸಾಲೆ ದೋಸೆ 65 ಆದರೆ, ಉಳಿದ ಪದಾರ್ಥಗಳ ಬೆಲೆಯೂ ಅದೇ ಪ್ರಮಾಣದಲ್ಲಿ ಸ್ವಲ್ಪ ಏರಿದರೆ, ತೆರಿಗೆ ಕಳೆದು ಮತ್ತೆ ಲಾಭದ ಕಡೆಗೆ ಬರುತ್ತೀರಿ. ನಿತ್ಯ ಬರುವ ಗಿರಾಕಿಗಳು ಐದು ರೂಪಾಯಿಗೆ ಹೋಟೆಲ್ ಬದಲಾಯಿಸುವುದು ಅಪರೂಪ. ಬೆಲೆ ಏರಿಸದೆ ಚಟ್ನಿಯನ್ನು ತೆಳ್ಳಗೆ ಮಾಡಿದರೆ ಮಾತ್ರ ಖಂಡಿತ ಬದಲಾಯಿಸುತ್ತಾರೆ.

ಗೆಳೆಯನ ಮುಂದೆ ಮಾತನ್ನು ಎತ್ತುವುದು ಹೇಗೆಂದು ಕೇಳಿದ್ದೀರಿ. ನಿಮ್ಮ ಸಂಬಳದಿಂದ ಆರಂಭಿಸಬೇಡಿ, ಈ ಕ್ಯೂಆರ್‌ನಿಂದ ಆರಂಭಿಸಿ. ವರ್ಷಕ್ಕೆ ಹತ್ತಾರು ಲಕ್ಷ ರೂಪಾಯಿ ಅವರ ಸ್ವಂತ ಉಳಿತಾಯ ಖಾತೆಗೆ ಬಂದು ಬೀಳುತ್ತಿದೆ. ಇಲಾಖೆಯ ಕಣ್ಣಿಗೆ ಅದು ಪಾಲುದಾರಿಕೆಯ ವಹಿವಾಟಲ್ಲ, ಅವರೊಬ್ಬರ ವಹಿವಾಟು. ಜಿಎಸ್‌ಟಿ ನೋಟಿಸ್ ಬಂದರೂ ಆದಾಯ ತೆರಿಗೆಯವರು ಕೇಳಿದರೂ ಉತ್ತರ ಕೊಡಬೇಕಾದವರು ಅವರೇ, ಅದೂ ಸಂಬಳದ ಉದ್ಯೋಗದಲ್ಲಿರುವಾಗ. ನೀವು ಪಾಲುದಾರರೆಂದು ತೋರಿಸಲು ಅವರ ಬಳಿಯೂ ಒಂದು ಕಾಗದವಿಲ್ಲ. ಹೀಗಾಗಿ ಪಾಲುಪತ್ರವಿಲ್ಲದ ಸ್ಥಿತಿಯಿಂದ ಇಂದು ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡಿರುವವರು ನೀವಲ್ಲ, ನಿಮ್ಮ ಗೆಳೆಯ. ಪತ್ರ ಬರೆಸೋಣ, ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಮಾಡಿಸಿ ಚಾಲ್ತಿ ಖಾತೆ ತೆರೆಯೋಣ, ಕ್ಯೂಆರ್ ಅನ್ನು ಅಲ್ಲಿಗೆ ಬದಲಾಯಿಸೋಣ ಎಂದು ನೀವಾಗಿಯೇ ಹೇಳಿದರೆ ಅದು ಅವರ ತಲೆಯ ಮೇಲಿನ ಭಾರವನ್ನು ಹಂಚಿಕೊಳ್ಳುವ ಮಾತಾಗುತ್ತದೆ. ಪತ್ರ ಬರೆಯಲು ಕೂತಾಗ ಸಂಬಳದ ಪ್ರಶ್ನೆ ತಾನಾಗಿ ಎದುರಿಗೆ ಬರುತ್ತದೆ, ಏಕೆಂದರೆ ಆದಾಯ ತೆರಿಗೆಯ ಕಾನೂನೇ ಅದನ್ನು ಕೇಳುತ್ತದೆ.

ಹೇಗೆಂದರೆ, ಪಾಲುದಾರಿಕೆ ಸಂಸ್ಥೆಯ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ನೂರಕ್ಕೆ 30ರಂತೆ ತೆರಿಗೆ, ಅದರ ಮೇಲೆ ಸೆಸ್. ಆದರೆ ದುಡಿಯುವ ಪಾಲುದಾರರ ಸಂಬಳವನ್ನೂ ಬಂಡವಾಳದ ಬಡ್ಡಿಯನ್ನೂ ಲಿಖಿತ ಪಾಲುಪತ್ರದಲ್ಲಿ ಬರೆದಿದ್ದರೆ, ಅವನ್ನು ಖರ್ಚೆಂದು ಕಳೆದು ಉಳಿದದ್ದಕ್ಕೆ ಮಾತ್ರ ಆ ತೆರಿಗೆ. ಬಡ್ಡಿಯನ್ನು ವರ್ಷಕ್ಕೆ ನೂರಕ್ಕೆ 12ರವರೆಗೆ ಕಳೆಯಬಹುದು. ನಾನು ಮೇಲಿನ ಲೆಕ್ಕದಲ್ಲಿ 12 ಹಿಡಿದದ್ದು ಈ ಕಾರಣಕ್ಕಾಗಿಯೇ. ಸಂಬಳಕ್ಕೆ ಸಂಸ್ಥೆಯ ಲಾಭದ ಮೊದಲ 6 ಲಕ್ಷದಲ್ಲಿ ನೂರಕ್ಕೆ 90 ಅಥವಾ 3 ಲಕ್ಷ ರೂಪಾಯಿ ಇವುಗಳಲ್ಲಿ ಹೆಚ್ಚಿನದು, ಅದರ ಮೇಲಿನ ಲಾಭಕ್ಕೆ ನೂರಕ್ಕೆ 60, ಇದು ಮಿತಿ. ಆ ಸಂಬಳ ಮತ್ತು ಬಡ್ಡಿಗೆ ನೀವು ನಿಮ್ಮ ನಿಮ್ಮ ವೈಯಕ್ತಿಕ ದರದಲ್ಲಿ ತೆರಿಗೆ ಲೆಕ್ಕ ಹಾಕಿಕೊಳ್ಳುತ್ತೀರಿ, ನಿಮ್ಮ ಆದಾಯದ ಮಟ್ಟದಲ್ಲಿ ಅದು ಸೊನ್ನೆಯಾಗುವ ಸಂಭವವೇ ಹೆಚ್ಚು. ಲಾಭದ ಪಾಲಿಗೆ ಪಾಲುದಾರರ ಕೈಯಲ್ಲಿ ಮತ್ತೆ ತೆರಿಗೆಯಿಲ್ಲ. 2025ರ ಏಪ್ರಿಲ್‌ನಿಂದ, ಪಾಲುದಾರರಿಗೆ ಕೊಡುವ ಸಂಬಳ ಮತ್ತು ಬಡ್ಡಿ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಸಂಸ್ಥೆಯು ನೂರಕ್ಕೆ 10ರಂತೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ರಿಟರ್ನ್ ಸಲ್ಲಿಸಿ ನೀವು ಅದನ್ನು ಮರಳಿ ಪಡೆಯಬಹುದು, ಆದರೆ ಆ ಹಣ ಕೆಲವು ತಿಂಗಳು ಕೈಯಲ್ಲಿರುವುದಿಲ್ಲ ಎಂಬುದನ್ನು ಮನೆಯ ಲೆಕ್ಕದಲ್ಲಿ ಇಟ್ಟುಕೊಳ್ಳಿ. ನಿಮ್ಮ ಪತ್ನಿಯನ್ನು ಪಾಲುದಾರರನ್ನಾಗಿ ಮಾಡಬೇಕಾಗಿಲ್ಲ. ಅವರಿಗೆ ನೌಕರರಂತೆ ಬ್ಯಾಂಕಿನ ಮೂಲಕವೇ ಸಂಬಳ ಹೋಗಲಿ.

ಪತ್ರವನ್ನು ಛಾಪಾ ಕಾಗದದ ಮೇಲೆ ಬರೆಸಿ ಸುಮ್ಮನಾಗದೆ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಸಂಸ್ಥೆಯನ್ನು ನೋಂದಾಯಿಸಿ. ನೋಂದಣಿ ಕಡ್ಡಾಯವಲ್ಲ ಎಂಬುದು ನಿಜ. ಆದರೆ ಪಾಲುದಾರಿಕೆ ಕಾಯ್ದೆಯ 69ನೆಯ ಕಲಂ ಪ್ರಕಾರ ನೋಂದಣಿಯಾಗದ ಸಂಸ್ಥೆಯು ಒಪ್ಪಂದದ ಆಧಾರದ ಮೇಲೆ ಹೊರಗಿನವರ ವಿರುದ್ಧ ದಾವೆ ಹೂಡುವಂತಿಲ್ಲ, ಪಾಲುಪತ್ರದಲ್ಲಿ ಬರೆದ ಹಕ್ಕನ್ನು ಒಬ್ಬ ಪಾಲುದಾರನು ಇನ್ನೊಬ್ಬನ ವಿರುದ್ಧ ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳುವಂತೆಯೂ ಇಲ್ಲ; ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ತೀರಿಸಿಕೊಡಿ ಎಂದು ಮಾತ್ರ ಕೇಳಬಹುದು. ಪಾಲುಪತ್ರದಲ್ಲಿ ಮುಖ್ಯವಾಗಿ ಯಾವುದು ಇರಬೇಕು ಎಂಬ ಬಗ್ಗೆ ವಕೀಲರು ಸಿದ್ಧ ನಮೂನೆಯೊಂದನ್ನು ಕೊಡುತ್ತಾರೆ. ಆ ನಮೂನೆಗಳು ಬಟ್ಟೆ ಅಂಗಡಿಗೂ ಹೋಟೆಲಿಗೂ ಒಂದೇ ಆಗಿರುವುದರಿಂದ ಮೂರು ವಿಷಯಗಳನ್ನು ನೀವೇ ಕೇಳಿ ಸೇರಿಸಬೇಕು.

ಮೊದಲನೆಯದು ಅಂಗಡಿಯ ಜಾಗ. ಬಾಡಿಗೆ ಕರಾರು ಗೆಳೆಯನ ಹೆಸರಿನಲ್ಲಿ ಮಾತ್ರ ಇರುವವರೆಗೆ, ನಾಳೆ ಮನಸ್ತಾಪವಾದರೆ ನೀವು ಒಲೆ, ಗ್ರೈಂಡರುಗಳ ಅರ್ಧ ಪಾಲಿನ ಒಡೆಯರಾಗಿ ಬೀದಿಯಲ್ಲಿ ನಿಂತಿರುತ್ತೀರಿ. ಮುಂದಿನ ನವೀಕರಣದಲ್ಲಿ ಕರಾರನ್ನು ಸಂಸ್ಥೆಯ ಹೆಸರಿಗೆ ಮಾಡಿಸಿ, ಅಡ್ವಾನ್ಸಿನಲ್ಲಿ ಯಾರದೆಷ್ಟು ಎಂಬುದನ್ನು ಪಾಲುಪತ್ರದಲ್ಲಿ ಬರೆಸಿ. ಹನ್ನೊಂದು ತಿಂಗಳ ಕರಾರನ್ನೇ ಪದೇ ಪದೇ ನವೀಕರಿಸುವ ಬದಲು ಐದು ವರ್ಷಗಳ ನೋಂದಾಯಿತ ಕರಾರಿಗೆ ಮಾಲೀಕರು ಒಪ್ಪುವುದಾದರೆ ಅದರ ಮುದ್ರಾಂಕ ಶುಲ್ಕಕ್ಕೆ ಹಿಂಜರಿಯಬೇಡಿ. ಆಹಾರ ಸುರಕ್ಷತಾ ಪರವಾನಗಿ, ಪಾಲಿಕೆಯ ಟ್ರೇಡ್ ಲೈಸೆನ್ಸ್, ವಾಣಿಜ್ಯ ಗ್ಯಾಸ್ ಸಂಪರ್ಕ ಇವೂ ಸಂಸ್ಥೆಯ ಹೆಸರಿಗೆ ಬರಲಿ.

ಎರಡನೆಯದು ಹೊರಹೋಗುವ ದಾರಿ. ಒಬ್ಬರು ಬಿಟ್ಟರೆ ಹೋಟೆಲಿನ ಬೆಲೆ ಎಷ್ಟು? ಸಾಮಾನುಗಳ ಅಂದಿನ ಬೆಲೆ, ಮಾಲೀಕರ ಬಳಿಯ ಅಡ್ವಾನ್ಸು, ಮತ್ತು ಹೆಸರಿನ ಬೆಲೆ. ಹೋಟೆಲಿನ ಹೆಸರಿಗೆ ಒಡೆಯರನ್ನು ಮೀರಿದ ಆಯುಸ್ಸಿದೆ. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾಗಿ 1970ರಲ್ಲಿ ಬೇರೆಯವರ ಕೈಗೆ ಬಂದರೂ ಹೆಸರೂ ದೋಸೆಯೂ ಗಿರಾಕಿಗಳೂ ಅಲ್ಲೇ ಉಳಿದದ್ದು ಎಲ್ಲರಿಗೂ ಗೊತ್ತಿದೆ. ಹಾಗೆಯೇ ಜಗಳವಾಡಿ ಬೇರೆಯಾದವರು ಒಂದೇ ಹೆಸರಿನ ಹಿಂದೆ ‘ಒರಿಜಿನಲ್’ ಎಂದೋ ‘ಹಳೆಯ’ ಎಂದೋ ಸೇರಿಸಿಕೊಂಡು ಕೂಗಳತೆಯಲ್ಲಿ ಎರಡು ಬೋರ್ಡು ಹಾಕಿಕೊಳ್ಳುವುದೂ ಗೊತ್ತಿರುವುದೇ. ಹೆಸರಿನ ಬೆಲೆಯನ್ನು ಕಳೆದ ಎರಡು ವರ್ಷಗಳ ನಿಜವಾದ ಲಾಭದ ಸರಾಸರಿಯ ಇಷ್ಟು ಪಟ್ಟು ಎಂದು ಈಗಲೇ ಬರೆದಿಡಿ. ಇಲ್ಲಿ ನಿಜವಾದ ಲಾಭ ಎಂದರೆ ಸಂಬಳ, ಬಡ್ಡಿ, ತೆರಿಗೆ ಎಲ್ಲ ಕಳೆದ ಮೇಲಿನದು, 87,000 ಅಲ್ಲ. ಒಬ್ಬರು ಬೆಲೆ ಹೇಳುವುದು, ಆ ಬೆಲೆಗೆ ಕೊಳ್ಳುವುದೋ ಮಾರುವುದೋ ಎಂಬುದನ್ನು ಇನ್ನೊಬ್ಬರು ಆರಿಸುವುದು ಎಂಬ ಕ್ರಮವನ್ನು ಕೆಲವರು ಸೂಚಿಸುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ, ಆದರೆ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಹಣವಿರುವಾಗ ಕೊಳ್ಳುವವರು ಯಾವಾಗಲೂ ಅವರೇ ಆಗುತ್ತಾರೆ. ನಿಮಗೆ ಬೇಕಾದದ್ದು, ಗೆಳೆಯನ ಪಾಲನ್ನು ಹದಿನೆಂಟೋ ಇಪ್ಪತ್ನಾಲ್ಕೋ ತಿಂಗಳ ಕಂತಿನಲ್ಲಿ ಕೊಳ್ಳುವ ಅವಕಾಶ. ಮರಣದ ವಿಷಯವನ್ನೂ ಬಿಡಬೇಡಿ. ಇಬ್ಬರೇ ಇರುವ ಸಂಸ್ಥೆಯಲ್ಲಿ ಒಬ್ಬರು ತೀರಿಕೊಂಡರೆ ಪಾಲುದಾರಿಕೆ ಅಲ್ಲಿಗೆ ಮುಗಿಯುತ್ತದೆ. ಉಳಿದವರು ತೀರಿಕೊಂಡವರ ವಾರಸುದಾರರಿಗೆ ಇಂಥ ಸೂತ್ರದಂತೆ ಹಣ ಕೊಟ್ಟು ವ್ಯಾಪಾರವನ್ನು ಮುಂದುವರಿಸಬಹುದು ಎಂಬ ಒಂದು ವಾಕ್ಯವಿದ್ದರೆ ಎರಡು ಮನೆಗಳು ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು. ಹೊರಹೋದ ಪಾಲುದಾರನು ಇಂತಿಷ್ಟು ದೂರದಲ್ಲಿ, ಇಂತಿಷ್ಟು ಕಾಲ ಹೋಟೆಲ್ ಹಾಕಬಾರದು ಎಂಬ ಷರತ್ತು ನಮೂನೆಯಲ್ಲಿ ಬಂದೇ ಬರುತ್ತದೆ, ಮಿತಿಯೊಳಗಿದ್ದರೆ ಕಾನೂನು ಅದನ್ನು ಮಾನ್ಯ ಮಾಡುತ್ತದೆ. ಉದ್ಯೋಗದಲ್ಲಿರುವ ನಿಮ್ಮ ಗೆಳೆಯನಿಗೆ ಆ ಸಾಲಿನಿಂದ ಏನೂ ಆಗುವುದಿಲ್ಲ. ಅಡುಗೆಯೇ ಕಸುಬಾಗಿರುವ ನಿಮಗೆ ಅದು ಅನ್ನದ ಪ್ರಶ್ನೆ. ಹಳೆಯ ಹೆಸರನ್ನು ಬಳಸುವುದಿಲ್ಲ, ಒಂದು ಕಿಲೋಮೀಟರಿನೊಳಗೆ ಒಂದು ವರ್ಷ ಅಂಗಡಿ ತೆರೆಯುವುದಿಲ್ಲ ಎಂಬಷ್ಟಕ್ಕೆ ಒಪ್ಪಿ, ಅದಕ್ಕಿಂತ ಹೆಚ್ಚಿಗೆ ಸಹಿ ಹಾಕಬೇಡಿ.

ಮೂರನೆಯದು ಗಲ್ಲಾ. ಪಾಲುದಾರರ ಮನಸ್ಸು ಕೆಡುವುದು ಲಕ್ಷಗಳಿಂದಲ್ಲ. ಬೆಳಗ್ಗೆ ಹಾಲಿನವನಿಗೆ ಕೊಟ್ಟ 500, ಮಧ್ಯಾಹ್ನ ಮಗಳ ಶಾಲೆಯ ಆಟೋಗೆ ತೆಗೆದ 200, ಸಂಜೆ ಗೆಳೆಯನ ಮನೆಗೆ ಹೋದ ನಾಲ್ಕು ಪಾರ್ಸೆಲ್ ಇಂಥವುಗಳಿಂದ. ಬೆಳಗ್ಗೆ ಗಲ್ಲಾದಲ್ಲಿ ಚಿಲ್ಲರೆಗೆಂದು 2,000 ರೂಪಾಯಿ ಇಟ್ಟು ಆರಂಭಿಸಿ. ಗಲ್ಲಾದಿಂದ ಹೊರಹೋದ ಪ್ರತಿಯೊಂದು ರೂಪಾಯಿಗೂ ಚೀಟಿ ಬರೆದು ಮೊಳೆಗೆ ಚುಚ್ಚಬೇಕು. ಯಾರು ತೆಗೆದರು, ಹೋಟೆಲಿಗೋ ಮನೆಗೋ ಎಂಬುದು ಅದರ ಮೇಲಿರಬೇಕು. ಸರದಿ ಬದಲಾಗುವಾಗ, ಅಂದರೆ ನಿಮ್ಮ ಪತ್ನಿ ಎದ್ದಾಗ ಒಮ್ಮೆ, ರಾತ್ರಿ ಒಮ್ಮೆ, ನಗದು ಎಣಿಸಿ, ಕ್ಯೂಆರ್‌ನ ಅಂದಿನ ಮೊತ್ತವನ್ನು ಸೇರಿಸಿ, ಚೀಟಿಗಳನ್ನು ಕೂಡಿಸಿ, ಬಿಲ್ಲಿಂಗ್ ಯಂತ್ರದ ಒಟ್ಟು ಮೊತ್ತದೊಂದಿಗೆ ತಾಳೆ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಐವತ್ತು ನೂರು ರೂಪಾಯಿ ಹೆಚ್ಚು ಕಡಿಮೆಯಾದರೆ ಹಾಗೆಯೇ ಬರೆಯಿರಿ, ಜೇಬಿನಿಂದ ಹಾಕಿ ಸರಿಮಾಡಬೇಡಿ. ದಿನವೂ ಒಂದು ಪೈಸೆ ವ್ಯತ್ಯಾಸವಿಲ್ಲದೆ ಕೂಡಿಬರುವ ಗಲ್ಲಾ ಪುಸ್ತಕವನ್ನು ಕಂಡರೆ ನನಗೆ ಅನುಮಾನವೇ ಹೆಚ್ಚು. ಮನೆಗೆಂದು ತೆಗೆದದ್ದು ಅವರವರ ಸಂಬಳದಲ್ಲಿ ತಿಂಗಳ ಕೊನೆಗೆ ಕಳೆಯಲಿ. ಹೋಟೆಲಿನ ತಿಂಡಿಯನ್ನು ಎರಡೂ ಮನೆಗಳು ದಿನಕ್ಕೆ ಇಷ್ಟು ಎಂದು ಉಚಿತವಾಗಿ ತೆಗೆದುಕೊಳ್ಳಬಹುದು ಎಂದು ಬರೆದುಕೊಂಡರೆ ಆ ಮುಜುಗರವೂ ಇರುವುದಿಲ್ಲ.

ಇನ್ನು ಬೋಗಾದಿಯ ಶಾಖೆ. ನನ್ನ ಅಭಿಪ್ರಾಯದಲ್ಲಿ ಈಗ ಬೇಡ. ಕುವೆಂಪುನಗರದ ಹೋಟೆಲಿನಲ್ಲಿ ಹಣ ಉಳಿಯುತ್ತಿರುವುದು ನಿಮ್ಮ ಮತ್ತು ನಿಮ್ಮ ಪತ್ನಿಯ ಸಂಬಳವಿಲ್ಲದ ದುಡಿಮೆಯಿಂದ. ಬೋಗಾದಿಯಲ್ಲಿ ಆ ದುಡಿಮೆ ಇರುವುದಿಲ್ಲ. ಅಲ್ಲಿ ಮೊದಲ ದಿನದಿಂದಲೇ ಭಟ್ಟರಿಗೂ ಕೌಂಟರಿನವರಿಗೂ ನಿಜವಾದ ಸಂಬಳ ಎಣಿಸಿ ಕೊಡಬೇಕು. ನೀವು ಎರಡು ಅಡುಗೆಮನೆಗಳ ನಡುವೆ ಓಡಾಡತೊಡಗಿದರೆ ಇಲ್ಲಿಗೂ ಒಬ್ಬರನ್ನು ನೇಮಿಸಬೇಕಾಗುತ್ತದೆ. ಸಾಲದ ಕಂತು ಅದರ ಮೇಲೆ: 20 ಲಕ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ಐದು ವರ್ಷಗಳ ಅವಧಿಯಾದರೆ ತಿಂಗಳಿಗೆ ಸುಮಾರು 44,500 ರೂಪಾಯಿ. ಇಂದಿನ ಹೋಟೆಲಿನ ನಿಜವಾದ ಲಾಭ ತೆರಿಗೆಗೆ ಮುಂಚೆ 14,000 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪಾಲುದಾರಿಕೆ ಕಾಯ್ದೆಯ 25ನೆಯ ಕಲಂ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ. ಅಂದರೆ ನಿಮ್ಮ ಪಾಲು ಎಷ್ಟೇ ಇರಲಿ, ಬ್ಯಾಂಕು ಪೂರ್ತಿ ಸಾಲವನ್ನು ನಿಮ್ಮೊಬ್ಬರಿಂದಲೇ, ನಿಮ್ಮ ಮನೆಯ ಆಸ್ತಿಯಿಂದಲೂ, ವಸೂಲು ಮಾಡಬಹುದು. ಸೀಮಿತ ಹೊಣೆಗಾರಿಕೆಯ ಎಲ್‌ಎಲ್‌ಪಿ ಮಾಡಿಕೊಂಡರೆ ಇದು ತಪ್ಪುತ್ತದಲ್ಲ ಎಂದು ಗೆಳೆಯ ಹೇಳಬಹುದು. ಆದರೆ ಇಷ್ಟು ಸಣ್ಣ ಸಂಸ್ಥೆಗೆ ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ವೈಯಕ್ತಿಕ ಜಾಮೀನನ್ನೂ ಬರೆಸಿಕೊಳ್ಳುವುದರಿಂದ ಆ ರಕ್ಷಣೆ ಹೆಚ್ಚಿನಂಶ ಕಾಗದದ ಮೇಲಷ್ಟೇ ಉಳಿಯುತ್ತದೆ.

ಗೆಳೆಯನಿಗೆ ಶಾಖೆಯ ಆಸೆ ಬಲವಾಗಿದ್ದರೆ ಬೇಡವೆಂದು ಕಡ್ಡಿ ಮುರಿದಂತೆ ಹೇಳುವ ಅಗತ್ಯವಿಲ್ಲ. ಒಂದು ಷರತ್ತು ಇಡಿ. ಮುಂದಿನ ಒಂದು ವರ್ಷ ಮೇಲೆ ಹೇಳಿದಂತೆ ಎಲ್ಲರಿಗೂ ಸಂಬಳ ಕೊಟ್ಟು, ಬಡ್ಡಿ ಮತ್ತು ತೆರಿಗೆ ಕಳೆದು, ರಿಪೇರಿಯ ನಿಧಿಗೆ ತೆಗೆದಿಟ್ಟು ಲೆಕ್ಕ ಬರೆಯೋಣ. ಅದರ ಮಧ್ಯೆ ಎರಡು ತಿಂಗಳು ನಾನು ಒಲೆಯ ಮುಂದೆ ನಿಲ್ಲುವುದಿಲ್ಲ, ಸಂಬಳದ ಭಟ್ಟರು ನಿಲ್ಲುತ್ತಾರೆ, ನಾನು ಉಸ್ತುವಾರಿ ಮಾತ್ರ ನೋಡುತ್ತೇನೆ. ಆ ಎರಡು ತಿಂಗಳಲ್ಲೂ ರುಚಿ ಕೆಡದೆ, ದಿನಕ್ಕೆ 15,000ದ ವ್ಯಾಪಾರ ಬೀಳದೆ, ಕೊನೆಗೆ ಲಾಭ ಉಳಿದರೆ ಆಗ ಬೋಗಾದಿಯಲ್ಲಿ ಜಾಗ ನೋಡೋಣ ಎನ್ನಿ. ಆ ಭಟ್ಟರ ಸಂಬಳವನ್ನು ಹೋಟೆಲೇ ಕೊಡಬೇಕು, ಮತ್ತು ಆ ಎರಡು ತಿಂಗಳ ಗಲ್ಲಾ ಪುಸ್ತಕಕ್ಕೆ ನೀವಿಬ್ಬರೂ ರಾತ್ರಿ ಸಹಿ ಹಾಕಬೇಕು.